ಸೊಸೆ ದೀಪ ಹಚ್ಚಿದ ತಿಂಗಳುಗಳು

ಸೊಸೆ ಒಂದು ದಿನವೂ ತಪ್ಪದೆ ದೇವರ ದೀಪ ಹಚ್ಚುತ್ತಿದ್ದಳು. ಕಾಯಿಲೆ ಶುರುವಾದದ್ದು ಹಾಗೆ.

ಅದನ್ನು ಕಾಯಿಲೆ ಎಂದು ಯಾರು ತಿಳಿದಾರು? ನಮ್ಮ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ದೇವರ ಕೋಣೆಗೆ ಹೋಗುವುದಿಲ್ಲ. ಸರಿಯೋ ತಪ್ಪೋ, ನಡೆದುಕೊಂಡು ಬಂದಿದೆ. ಆ ಮೂರು ದಿನ ದೀಪ ನನ್ನದು, ಉಳಿದ ದಿನ ಸೊಸೆ ಸವಿತಾಳದು. ಗೌರಿ ಹಬ್ಬ ಕಳೆದ ಮೇಲೆ ನನ್ನ ಸರದಿ ಬರಲೇ ಇಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು, ಕಾರ್ತಿಕವೂ ಮುಗಿಯಿತು.

ನನಗೆ ಹೊಳೆದದ್ದು ಒಂದೇ. ಬಸಿರು.

ಮೊಮ್ಮಗಳು ಚೈತ್ರಾ ಒಂಬತ್ತನೇ ಕ್ಲಾಸು. ಅವಳ ಹಿಂದೆ ಇನ್ನೊಂದಾಗಲಿ ಎಂದು ಕೇಳುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸವಿತಾಗೆ ಈಗ ಮೂವತ್ತೆಂಟು. ನಾಚಿಕೆಗೆ ಹೇಳುತ್ತಿಲ್ಲ, ಹೇಳುವಾಗ ಹೇಳಲಿ ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದು ಬಾಯಿ ಮಾತ್ರ. ಮಗ ರವಿಗೆ, ಇನ್ನು ಪರಂಗಿ ಹಣ್ಣು ಮನೆಗೆ ತರಬೇಡ ಎಂದೆ. ಬಸುರಿಗೆ ಪರಂಗಿ ಆಗದು. ಅವಳ ರಾತ್ರಿ ಊಟವೇ ಒಂದು ಬಟ್ಟಲು ಪರಂಗಿ ಎಂಬುದು ಗೊತ್ತಿತ್ತು. ಅದು ಸಿಗದಿದ್ದರೆ ಅನ್ನ ತಿನ್ನುತ್ತಾಳೆ ಎಂದುಕೊಂಡೆ.

ಅವಳು ಮಜ್ಜಿಗೆ ಕುಡಿದು ಮಲಗಿದಳು.

ಸವಿತಾ ನಾಗರಭಾವಿ ಕಡೆ ಒಂದು ಶಾಲೆಯಲ್ಲಿ ಲೆಕ್ಕದ ಟೀಚರ್. ಸೈಕಲ್ ಹಿಡಿದದ್ದು ಮೈ ಇಳಿಸಲಿಕ್ಕೆ. ಮೊದಲು ಮಾಗಡಿ ರೋಡಿನಲ್ಲಿ ಒಂದಿಷ್ಟು ದೂರ ಹೋಗಿ ಬರುತ್ತಿದ್ದಳು. ಆಮೇಲೆ ಸಾವನದುರ್ಗ. ಆಮೇಲೆ ಇನ್ನೂರು ಕಿಲೋಮೀಟರ್, ಮುನ್ನೂರು. ಮುಂದೆ ಆರುನೂರು ತುಳಿಯಬೇಕು, ಕೊಟ್ಟ ಗಂಟೆಯೊಳಗೆ ಮುಗಿಸಬೇಕು ಎಂಬುದು ಅವಳ ಆಸೆ. ಹೊರಗೆ ಹೋಗಲಾಗದ ದಿನ ತಾರಸಿಯ ಮೇಲೆ ಒಂದು ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿ ತುಳಿಯುತ್ತಿದ್ದಳು. ಹೋಗುವುದೂ ಇಲ್ಲ, ಬರುವುದೂ ಇಲ್ಲ, ಬೆವರು ಮಾತ್ರ.

ಪೆಡಲ್ಲಿನಲ್ಲಿ ಕಾಲಿನ ಬಲ ಅಳೆಯುವ ಯಂತ್ರವಿತ್ತು. ಅದನ್ನು ಅವಳೇ ಒಂದು ದಿನ ಅವರೆಕಾಳು ಸುಲಿಯುತ್ತಾ ನನಗೆ ಬಿಡಿಸಿ ಹೇಳಿದಳು.

"ಕಾಲಿನ ಬಲನ ಮೈತೂಕದಿಂದ ಭಾಗಿಸ್ಬೇಕು ಅತ್ತೆ. ಏರು ಹತ್ತೋವಾಗ ಆ ಲೆಕ್ಕಾನೇ ಮುಖ್ಯ."

"ಭಾಗಿಸಿದ್ರೆ ಏರು ತಗ್ಗಾಗುತ್ತಾ?"

"ಬಲ ಜಾಸ್ತಿಯಾಗ್ಬೇಕು, ಇಲ್ಲಾ ತೂಕ ಕಮ್ಮಿಯಾಗ್ಬೇಕು."

ಬಲ ಒಂದು ಹಂತಕ್ಕೆ ಬಂದು ನಿಂತಿತು. ಲೆಕ್ಕದ ಟೀಚರ್ ತಾನೆ, ಕೆಳಗಿನ ಅಂಕಿಯನ್ನು ಕಡಿಮೆ ಮಾಡಿದಳು. ಬೆಳಿಗ್ಗೆ ಬರೀ ಕಾಫಿ ಕುಡಿದು ಸೈಕಲ್ ಹತ್ತುವುದು, ಬಂದು ಒಂದು ಇಡ್ಲಿ ತಿಂದು ಶಾಲೆಗೆ ಓಡುವುದು. ಕೈ ಮುಟ್ಟಿದರೆ ತಣ್ಣಗೆ. ತಲೆ ಬಾಚಿದರೆ ಬಾಚಣಿಗೆಯ ತುಂಬಾ ಕೂದಲು. ಚೈತ್ರಾ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದಳು. ಮೊದಲಿಗಿಂತ ಹೆಚ್ಚು ತುಳಿದರೂ ಸ್ಪೀಡು ಮೊದಲಿನಷ್ಟು ಬರುತ್ತಿಲ್ಲ ಎಂದು ಗೊಣಗುತ್ತಿದ್ದಳು. ನಾನು ಎಲ್ಲವನ್ನೂ ಬಸಿರಿನ ಖಾತೆಗೆ ಹಾಕಿದೆ. ಬಸುರಿ ಸೈಕಲ್ ತುಳಿಯಬಾರದು ಎಂದು ನಾಲಿಗೆಯ ತುದಿವರೆಗೆ ಬಂದದ್ದನ್ನು ನುಂಗಿ ನುಂಗಿ ನನಗೇ ಅಜೀರ್ಣವಾಗಿತ್ತು.

ಸಂಕ್ರಾಂತಿಗೆ ಮೊದಲ ಭಾನುವಾರ ಅವಳು ಬಿದ್ದಳು. ಸೈಕಲ್ ಓಡುತ್ತಿರಲಿಲ್ಲ, ಸಿಗ್ನಲ್ಲಿನಲ್ಲಿ ನಿಂತಿತ್ತು. ಆ ಶೂಗಳು ಪೆಡಲ್ಲಿಗೆ ಕಚ್ಚಿಕೊಳ್ಳುವಂಥವು. ಹಿಮ್ಮಡಿ ತಿರುಗಿಸಿ ಬಿಡಿಸಿಕೊಳ್ಳಬೇಕು. ಸುಸ್ತಿನಲ್ಲಿ ಮರೆತಳಂತೆ, ನಿಂತ ಜಾಗದಲ್ಲೇ ಪಕ್ಕಕ್ಕೆ ವಾಲಿದಳು. ಹಾಗೆ ಬಿದ್ದರೆ ಮಂಡಿ ತರಚುತ್ತದೆ, ಅಷ್ಟೆ. ಇವಳಿಗೆ ಎಡಗಾಲು ಊರಲು ಆಗಲಿಲ್ಲ.

ರವಿಯೂ ನಾನೂ ಆಸ್ಪತ್ರೆಗೆ ಓಡಿದೆವು. ಎಕ್ಸ್-ರೇ ರೂಮಿನ ಬಾಗಿಲಲ್ಲಿ ಟೆಕ್ನಿಷಿಯನ್ ಹುಡುಗಿ ಕೇಳಿದಳು, "ಮೇಡಂ, ಪ್ರೆಗ್ನೆನ್ಸಿ ಏನಾದ್ರೂ ಇದೆಯಾ?"

"ಇಲ್ಲ" ಎಂದಳು ಸವಿತಾ.

"ಇದೆ!" ಎಂದೆ ನಾನು. ಕಾರಿಡಾರಿನವರೆಲ್ಲ ತಿರುಗಿ ನೋಡಿದರು. "ಎಕ್ಸ್-ರೇ ಗಿಕ್ಸ್-ರೇ ತೆಗೀಬೇಡಿ. ಗೌರಿ ಹಬ್ಬದಿಂದ ಅವಳು ಹೊರಗಾಗಿಲ್ಲ."

ರವಿ ಹೆಂಡತಿಯ ಮುಖ ನೋಡಿದ. ಹೆಂಡತಿ ನನ್ನ ಮುಖ ನೋಡಿದಳು. ಮೊದಲು ಟೆಸ್ಟ್ ಮಾಡಿ ಬಿಡೋಣ ಎಂದಳು ಆ ಹುಡುಗಿ.

ಮಗು ಇರಲಿಲ್ಲ.

ಎಕ್ಸ್-ರೇಯಲ್ಲಿ ಸೊಂಟದ ಕೆಳಗಿನ ಮೂಳೆ ಕೂದಲೆಳೆಯಷ್ಟು ಸೀಳಿತ್ತು. ಆಪರೇಷನ್ ಬೇಡ ಎಂದರು. ಆದರೆ ಡಾಕ್ಟರಮ್ಮ ಅಲ್ಲಿಗೆ ಬಿಡಲಿಲ್ಲ. ನಿಂತಲ್ಲೇ ಬಿದ್ದದ್ದಕ್ಕೆ ಈ ವಯಸ್ಸಿನ ಮೂಳೆ ಸೀಳಬಾರದು ಎಂದು ರಕ್ತ ಪರೀಕ್ಷೆ, ಮೂಳೆಯ ಸ್ಕ್ಯಾನ್ ಎಲ್ಲ ಬರೆದರು. ರಿಪೋರ್ಟ್ ಬಂದ ದಿನ ಸವಿತಾಳನ್ನು ಕೇಳಿದರು, "ಪೀರಿಯಡ್ಸ್ ನಿಂತಿದ್ದು ನಿಮಗೆ ಯೋಚನೆ ಆಗ್ಲಿಲ್ವಾ?"

"ಟ್ರೈನಿಂಗ್ ಜಾಸ್ತಿ ಮಾಡೋರಿಗೆ ಹಾಗಾಗುತ್ತೆ ಅಂತ ಫ್ರೆಂಡ್ಸ್ ಅಂದ್ರು. ನನಗೂ ಆರಾಮಾಗೇ ಇತ್ತು ಮೇಡಂ."

"ತುಂಬ ಜನಕ್ಕೆ ಆಗುತ್ತೆ. ಆದ್ರೆ ಅದು ಸರಿಯಲ್ಲ."

ಆಮೇಲೆ ನನ್ನ ಕಡೆ ತಿರುಗಿ, ನನಗೂ ತಿಳಿಯುವ ಹಾಗೆ ಹೇಳಿದರು. ತಿನ್ನುವುದರಲ್ಲಿ ಬಹುಪಾಲು ಸೈಕಲ್ಲಿಗೇ ಹೋಗುತ್ತಿದೆ. ಉಳಿದ ಚೂರಿನಲ್ಲಿ ದೇಹ ಗುಂಡಿಗೆ ನಡೆಸಬೇಕು, ಮೈ ಬೆಚ್ಚಗಿಡಬೇಕು. ಸಾಲದೇ ಹೋದಾಗ ಸದ್ಯಕ್ಕೆ ಬೇಡ ಅನ್ನಿಸಿದ್ದನ್ನು ನಿಲ್ಲಿಸುತ್ತದೆ. ಮುಟ್ಟು ನಿಂತರೆ ಮೂಳೆ ಕಾಯುವ ಹಾರ್ಮೋನೂ ಕಡಿಮೆ. ಅದರ ಮೇಲೆ ಸೈಕಲ್ ಕೂತು ತುಳಿಯುವುದು, ನಡೆದಾಗ ಓಡಿದಾಗ ಬೀಳುವ ಭಾರ ಮೂಳೆಗೆ ಬೀಳುವುದಿಲ್ಲ. ಬಲ ಬರುವುದು ತುಳಿಯುವಾಗ ಅಲ್ಲ ಅಮ್ಮ, ತುಳಿದ ಮೇಲೆ ತಿಂದು ಮಲಗಿದಾಗ ಎಂದರು.

"ಪೀರಿಯಡ್ಸ್ ತಾನಾಗಿ ವಾಪಸ್ ಬಂದು ಸರಿಯಾಗಿ ನಡೆಯೋವರೆಗೂ ಲಾಂಗ್ ರೈಡ್ ಇಲ್ಲ."

"ಮಾತ್ರೆ ಕೊಟ್ಟು ಬರ್ಸಿಬಿಡಿ ಡಾಕ್ಟ್ರೇ" ಎಂದೆ.

"ಮಾತ್ರೆ ಕೊಟ್ರೆ ಬರುತ್ತೆ. ಆದ್ರೆ ಒಳಗೆ ಸರಿಹೋಯ್ತಾ ಇಲ್ವಾ ಅಂತ ಗೊತ್ತಾಗಲ್ಲ. ಕಾಯ್ಬೇಕು."

ವೀಲ್‌ಚೇರಿನಲ್ಲಿ ಹೊರಗೆ ಬರುವಾಗ ಸವಿತಾ ಕೇಳಿದಳು, "ಅತ್ತೆ, ಪರಂಗಿ ಹಣ್ಣು ಬಂದ್ ಆಗಿದ್ದು ಅದಕ್ಕೇನಾ?"

"ಮತ್ತಿನ್ಯಾತಕ್ಕೆ?"

ನಕ್ಕಳು. ನಕ್ಕರೆ ನೋವು, ಸೊಂಟ ಹಿಡಿದುಕೊಂಡೇ ನಕ್ಕಳು. ಲಿಫ್ಟ್ ಬರುವಷ್ಟರಲ್ಲಿ ಅಳುತ್ತಿದ್ದಳು. ಮಗುವಿಗಲ್ಲ, ಆರುನೂರಕ್ಕೆ. ನಾನು ಒಳಗೊಳಗೇ ಅತ್ತದ್ದು ಮಗುವಿಗೆ.

ಮನೆಗೆ ಬಂದ ಮೇಲೆ ನಾನು ಟೊಂಕ ಕಟ್ಟಿ ನಿಂತೆ. ರಾತ್ರಿಗೆ ದೊಡ್ಡ ಮುದ್ದೆ, ಮೇಲೆ ತುಪ್ಪ, ಉಪ್ಸಾರು, ಸೊಪ್ಪು. ಅವಳು ಅರ್ಧ ಮುದ್ದೆಗೆ ಕೈ ತೊಳೆಯುತ್ತಿದ್ದಳು. ಆಸ್ಪತ್ರೆಯ ಡಯಟಿಷಿಯನ್ ಅದನ್ನೂ ತಿದ್ದಿದಳು. ಮುದ್ದೆ ಒಳ್ಳೆಯದೇ, ಆದರೆ ಬೇಗ ಹೊಟ್ಟೆ ತುಂಬಿಸಿ ಬೇರೆಯದಕ್ಕೆ ಜಾಗ ಬಿಡುವುದಿಲ್ಲ, ಸದ್ಯಕ್ಕೆ ಚಿಕ್ಕದು ಸಾಕು. ಅನ್ನ, ಬಾಳೆಹಣ್ಣು, ಮೊಟ್ಟೆ, ಬೆಲ್ಲ ದಿನವಿಡೀ ಹಂಚಿ ಕೊಡಿ, ಒಂದೇ ಹೊತ್ತಿಗೆ ತುರುಕಬೇಡಿ ಎಂದಳು. ಮುದ್ದೆ ಕಡಿಮೆ ಮಾಡು ಎಂದವರನ್ನು ನನ್ನ ಜನ್ಮದಲ್ಲಿ ಮೊದಲ ಸಲ ಕಂಡೆ. ಎರಡು ದಿನ ಕೋಪವಿತ್ತು. ಮೂರನೇ ದಿನ ಸಣ್ಣ ಮುದ್ದೆ ಕಟ್ಟಿದೆ.

"ತೂಕ ಏರ್ತಾ ಇದೆ ಅತ್ತೆ" ಎಂದಳು ಒಂದು ದಿನ, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ.

"ಏರ್ಲಿ ಬಿಡೇ. ಇಳಿದಾಗ ಏನು ಸಿಕ್ತು? ವಾಕರ್ರು."

ವಾಕರ್ ಹಿಡಿದಿರುವವರೆಗೆ ದೀಪ ನನ್ನದೇ ಇತ್ತು. ಕಾಲೂರುವಂತಾದ ಮೇಲೆ ಮತ್ತೆ ಅವಳು ಹಚ್ಚತೊಡಗಿದಳು. ಯುಗಾದಿ ಬಂತು. ಹಚ್ಚಿದಳು. ಬಸವ ಜಯಂತಿ ಬಂತು. ಹಚ್ಚಿದಳು. ಮೊದಲು ಆ ದೀಪ ಕಂಡರೆ ನನಗೆ ಸಂಭ್ರಮ, ಈಗ ಸಂಕಟ. ಇವಳು ನಿನ್ನ ಕೋಣೆಗೆ ಬರದ ಹಾಗೆ ಮಾಡಪ್ಪಾ ಎಂದು ಸೊಸೆಯ ಮೇಲೆ ದೇವರಿಗೆ ದೂರು ಹೇಳಿದೆ. ಅವಳ ಜೊತೆಯವರು ಆರುನೂರಕ್ಕೆ ಹೊರಟ ದಿನ ಅವರು ಎಲ್ಲಿದ್ದಾರೆ ಎಂಬುದನ್ನು ಫೋನಿನ ಮ್ಯಾಪಿನ ಚುಕ್ಕೆಗಳಲ್ಲಿ ನೋಡುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಕೋಡುಬಳೆ ತಿನ್ನಿಸಿದೆ. ಸಮಾಧಾನದ ಮಾತು ನನಗೆ ಬರುವುದಿಲ್ಲ.

ಆಷಾಢದ ಒಂದು ಬೆಳಿಗ್ಗೆ. ನಾನು ಬಚ್ಚಲಿಂದ ಬರುವಾಗ ಸವಿತಾ ದೇವರ ಕೋಣೆಯ ಹೊಸ್ತಿಲ ಹೊರಗೆ ನಿಂತಿದ್ದಳು. ಒಳಗೆ ಕತ್ತಲೆ.

"ಅತ್ತೆ, ಇವತ್ತು ದೀಪ ನೀವೇ ಹಚ್ಚಿಬಿಡಿ."

ಕಡ್ಡಿ ಗೀರಿದೆ, ಆರಿತು. ಇನ್ನೊಂದು ಗೀರಿದೆ. ದೀಪ ಹತ್ತಿತು.

ಆಮೇಲೆ ಎಳ್ಳು ಹುರಿದು, ಬೆಲ್ಲ ಹಾಕಿ ಚಿಗಳಿ ಕುಟ್ಟಿದೆ. ನಮ್ಮಲ್ಲಿ ಹುಡುಗಿ ಮೈನೆರೆದು ದೊಡ್ಡವಳಾದಾಗ ಕೊಡುವ ಉಂಡೆ ಅದು. ಚೈತ್ರಾ ಅಡುಗೆಮನೆಗೆ ಬಂದು, "ಅಜ್ಜೀ, ಅಮ್ಮಂಗಾ ಚಿಗಳಿ?" ಎಂದು ಬಿದ್ದು ಬಿದ್ದು ನಕ್ಕಳು.

"ಆರತಿ ಒಂದು ಎತ್ತಿಲ್ಲ, ಸುಮ್ನಿರೇ."

ಒಂದು ಸಲ ಬಂದರೆ ಗೆದ್ದ ಹಾಗಲ್ಲ ಎಂದರು ಡಾಕ್ಟರಮ್ಮ. ಮುಂದಿನ ತಿಂಗಳೂ ಬಂತು, ಸ್ವಲ್ಪ ತಡವಾಗಿ. ಈ ತಿಂಗಳೂ ಬಂತು. ಮೂಳೆ ಗಟ್ಟಿಯಾಗಲು ಇನ್ನೂ ಕಾಲ ಬೇಕು, ಪೂರ್ತಿ ಮೊದಲಿನಂತಾಗುತ್ತದೆಯೋ ಇಲ್ಲವೋ ಅವರೂ ಮಾತು ಕೊಟ್ಟಿಲ್ಲ. ಭಾರ ಎತ್ತುವ ವ್ಯಾಯಾಮ ಹೇಳಿದ್ದಾರೆ, ಮಾಡುತ್ತಿದ್ದಾಳೆ. ಸೈಕಲ್ಲಿಗೆ ಸಣ್ಣ ಸಣ್ಣ ದೂರಕ್ಕೆ ಅನುಮತಿ ಸಿಕ್ಕಿದೆ. ಆರುನೂರರ ಮಾತು ಸದ್ಯಕ್ಕೆ ಮನೆಯಲ್ಲಿಲ್ಲ. ಅವಳ ತಲೆಯಲ್ಲಿ ಇದ್ದೇ ಇದೆ, ನನಗೆ ಗೊತ್ತು. ಇರಲಿ.

ಹೋದ ಭಾನುವಾರ ತುಳಿದು ಬಂದಳು. ಎಷ್ಟು ದೂರ ಎಂದು ನಾನು ಕೇಳುವುದಿಲ್ಲ.

"ಜೇಬು ತೋರ್ಸು."

ಅಂಗಿಯ ಬೆನ್ನಿಗಿರುವ ಜೇಬನ್ನು ಹೊರಗೆ ತೆಗೆದು ಕೊಡವಿದಳು. ದಾರಿಯಲ್ಲಿ ತಿನ್ನಲಿ ಎಂದು ಕಟ್ಟಿಕೊಟ್ಟ ಚಿಗಳಿ ಒಂದೂ ಇರಲಿಲ್ಲ. ನಾಲ್ಕು ಎಳ್ಳು ಉದುರಿದವು, ಆಗ ತಾನೇ ಒರೆಸಿದ ನೆಲದ ಮೇಲೆ.

"ಇರುವೆ ಬರುತ್ತೆ ಕಣೇ" ಎಂದು ಬೈದು, ಎರಡು ಇಡ್ಲಿ ಜಾಸ್ತಿ ಹಾಕಿದೆ.