ನಾಲ್ಕು ಮನೆಯ ಚೀಟಿ

ಯಾವುದನ್ನೂ ಒಂದೇ ಕಡೆ ಇಡಬಾರದು ಎಂಬುದು ಲಕ್ಷ್ಮೇಶ್ವರದ ಫೋಟೊ ಸ್ಟುಡಿಯೊ ಅಯ್ಯೂಬನ ಹಟ. ಒಮ್ಮೆ ಹಾರ್ಡ್‌ಡಿಸ್ಕ್ ಸುಟ್ಟು ಊರವರ ಮದುವೆಗಳೆಲ್ಲ ಮಂಗಮಾಯವಾದಾಗ ಅವನು ತಿಂದ ಬೈಗುಳ ಕಡಿಮೆಯದಲ್ಲ.

ಹೆಂಡತಿ ಫರ್ಹಾನಾ ಕಾಯಿಲೆ ಬಿದ್ದಾಗ, ಹಸುಗೂಸು ಕೌಸರಳಿಗಾಗಿ ಕ್ಯಾಮೆರಾದ ಮುಂದೆ ಏನೋ ಹೇಳಿಟ್ಟಿದ್ದಳು. "ನೀವು ಹೊರಗ ಹೋಗ್ರಿ. ಆಕೀಗೆ ತಿಳುವಳಿಕಿ ಬಂದ ಮ್ಯಾಲ ತೋರಿಸ್ರಿ" ಎಂದಿದ್ದಳು. ಅವಳು ತೀರಿದ ಮೇಲೆ ಅದನ್ನು ನೋಡುವ ಎದೆಗಾರಿಕೆ ಅಯ್ಯೂಬನಿಗೆ ಬರಲಿಲ್ಲ.

ಅದನ್ನು ಅವನು ಯಾವ ಕಂಪನಿಗೂ ಒಪ್ಪಿಸಲಿಲ್ಲ. ಇಂಟರ್‌ನೆಟ್ಟಿನಲ್ಲಿ ಒಡೆಯನೇ ಇಲ್ಲದ ಜಾಲವೊಂದಿತ್ತು, ಅದರಲ್ಲಿ ಇಟ್ಟ. ಅದು ವಿಡಿಯೊವನ್ನು ಚೂರು ಮಾಡಿ, ಬೀಗ ಹಾಕಿ, ಗುರುತಿಲ್ಲದವರ ಕಂಪ್ಯೂಟರುಗಳಲ್ಲಿ ಹಂಚಿಡುತ್ತದೆ. ಕೆಲವು ಕೆಟ್ಟರೆ ಉಳಿದವು ಕೊಡುತ್ತವೆ. ಬೀಗ ತೆಗೆಯುವ ಗುಟ್ಟಿನ ಅಕ್ಷರಗಳು ಮಾತ್ರ ಇಟ್ಟವನ ಹತ್ತಿರವೇ ಇರಬೇಕು. ಅಯ್ಯೂಬ ಅವನ್ನೂ ನಾಲ್ಕು ಚೀಟಿ ಮಾಡಿದ. ಯಾವ ಮೂರು ಕೂಡಿದರೂ ಸಾಕು. ಶಿಗ್ಲಿಯ ಅಕ್ಕ ದಾವಲಬಿ, ಗದಗಿನ ಸೋದರಮಾವ ದಾದಾಪೀರ, ಮುಂಡರಗಿಯ ತಮ್ಮ ಜಾವೀದ, ಬಾಳೆಹೊಸೂರಿನ ಗೆಳೆಯ ತಿರಕಪ್ಪ, ಇವರಿಗೆ ಒಂದೊಂದು ಕೊಟ್ಟ. "ಜ್ವಾಕಿ" ಎಂದನೇ ಹೊರತು, ಬೇರೆ ಬೇರೆ ಮನೆಯಲ್ಲೇ ಯಾಕೆ ಇರಬೇಕೆಂದು ಯಾರಿಗೂ ಹೇಳಲಿಲ್ಲ, ಜಾಣ!

ಈ ಮಳೆಗಾಲ ಸಿಡಿಲು ಬಡಿದು ಸ್ಟುಡಿಯೊದ ಕಂಪ್ಯೂಟರು ಸುಟ್ಟಿತು. ಅದರೊಳಗಿದ್ದ ಮೂಲ ವಿಡಿಯೊವೂ ಗುಟ್ಟಿನ ಅಕ್ಷರಗಳೂ ಜೊತೆಗೇ ಹೋದವು. ಕೌಸರ ಈಗ ಏಳನೆಯ ಇಯತ್ತೆ, ಅಮ್ಮಿಯನ್ನು ನೋಡಬೇಕೆಂದು ಗಂಟುಬಿದ್ದಿದ್ದಳು. ಅವಳನ್ನು ಕರೆದುಕೊಂಡೇ ಅಯ್ಯೂಬ ಮೊದಲು ಶಿಗ್ಲಿಗೆ ಬಂದ.

"ಮೂರೂ ಚೀಟಿ ಇಲ್ಲೇ ಅದಾವ ತಮ್ಮಾ" ಎಂದಳು ದಾವಲಬಿ. "ನೀ ಜ್ವಾಕಿ ಅಂದಿದ್ದಿ ಅಂತ ಮಾಮಾನೂ ಜಾವೀದನೂ ನನ್ನ ಕಡೇನ ತಂದು ಕೊಟ್ರು."

ಆ ಮನೆತನದಲ್ಲಿ ಬಂಗಾರವಿರಲಿ, ಹೊಲದ ಕಾಗದವಿರಲಿ, ಜೋಪಾನ ಎಂದರೆ ದಾವಲಬಿಯ ಕಟ್ಟಿಗೆ ಪೆಟ್ಟಿಗೆಯೇ. ಮುಚ್ಚಳ ತೆಗೆದರೆ ಮೇಲಿನ ಸೀರೆಗಳು ಚೆನ್ನಾಗಿಯೇ ಇದ್ದವು. ಅಡಿಯಲ್ಲಿ ಗೆದ್ದಲು ಹತ್ತಿ, ಚೀಟಿಗಳಿದ್ದ ಜಾಗದಲ್ಲಿ ಬರೀ ಮಣ್ಣು.

ದಾವಲಬಿ ಹಣೆ ಹಣೆ ಚಚ್ಚಿಕೊಂಡಳು. ಅಯ್ಯೂಬ ಫೋನು ಕೈಗೆತ್ತಿಕೊಂಡ. ಯಾರಿಗೆ ಮಾಡಬೇಕು? ಒಡೆಯನಿಲ್ಲದ್ದು, ಯಾರೂ ಕಸಿಯಲಾರರು ಎಂದು ಊರೆಲ್ಲ ಹೊಗಳಿಕೊಂಡು ತಿರುಗಿದ್ದ. ಈಗ ಕಾಲು ಹಿಡಿಯೋಣವೆಂದರೂ ಒಡೆಯನಿಲ್ಲ. ಫರ್ಹಾನಾಳ ಮಾತು ಎಲ್ಲೆಲ್ಲೋ ಚೂರುಚೂರಾಗಿ ಸುರಕ್ಷಿತವಾಗಿಯೇ ಇತ್ತು. ತೆಗೆಯುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಸುದ್ದಿ ಕೇಳಿ ತಿರಕಪ್ಪ ಮೋಟರ್ ಸೈಕಲ್ ಹತ್ತಿ ಓಡಿ ಬಂದ. "ಅಯ್ಯೂಬಣ್ಣಾ, ನಂದು ಚಲೋ ಐತಿ ನೋಡು" ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಚೀಟಿ ಕೊಟ್ಟ. ಒಂದಕ್ಷರವೂ ಮಾಸಿರಲಿಲ್ಲ. "ಇದೊಂದರಾಗ ಆಗೂದಿಲ್ಲೇನು?"

ಅಯ್ಯೂಬ ಆ ಚೀಟಿಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತ. ಕೌಸರ ಅವನ ತೋಳು ಹಿಡಿದು ಅಲುಗಿಸಿದಳು. "ಅಬ್ಬಾ, ಹೋಗ್ಲಿ ಬಿಡು. ಅಮ್ಮಿ ಹೇಳಿದ್ದು ನೀ ಕೇಳಿರಬೇಕಲ್ಲಾ? ಅಷ್ಟರ ಹೇಳು."

"ಇಲ್ಲವ್ವಾ" ಎಂದ ಅಯ್ಯೂಬ. "ಆಕಿ ನನ್ನ ಹೊರಗ ಕಳಿಸಿದ್ಳು."