ಗಡಿಯಾರ ಮತ್ತು ಹಳದಿ ದಾಸವಾಳ

ಡಿಪೋದಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ಇಪ್ಪತ್ತೆರಡು ವರ್ಷ ರಾತ್ರಿ ಬಸ್ಸು ಓಡಿಸಿದವನು ಒಂದು ದಿನವೂ ತಡವಾಗಿ ಬಂದವನಲ್ಲ. ಹಾಗೆಂದು ಬೇಗ ಬಂದವನೂ ಅಲ್ಲ. ಬೆಳಿಗ್ಗೆ ಏಳು ಇಪ್ಪತ್ತು ಎಂದರೆ ಏಳು ಇಪ್ಪತ್ತೇ. ರಸ್ತೆ ಖಾಲಿ ಸಿಕ್ಕಿ ಐದು ನಿಮಿಷ ಮಿಕ್ಕಿತೋ, ಊರ ಹೊರಗಿನ ಚಹಾದಂಗಡಿ ಹತ್ತಿರ ಬಸ್ಸು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದ. ಪ್ರಯಾಣಿಕರು ಗೊಣಗಿದರೆ, "ಲೇಟಾಗಿ ಬರೋದೂ ತಪ್ಪೇ, ಬೇಗ ಬರೋದೂ ತಪ್ಪೇ" ಎನ್ನುತ್ತಿದ್ದ. ಅವನ ವೇದಾಂತವೆಲ್ಲ ಅಷ್ಟರಲ್ಲೇ ಮುಗಿಯಿತು.

ಇಂಥ ಶಿಸ್ತಿನ ಮನುಷ್ಯ ತನ್ನ ಮನೆಗೆ ಮಾತ್ರ ನೆಂಟ. ಎಂಟಕ್ಕೆ ಬಂದು, ಸ್ನಾನ ಮಾಡಿ, ತಿಂದು ಮಲಗಿದರೆ ಏಳುವುದು ಸಂಜೆಗೆ. ಎದ್ದು ಖಾಕಿ ತೊಟ್ಟರೆ ಮತ್ತೆ ಡಿಪೋ. ಇಷ್ಟು ವರ್ಷಗಳಲ್ಲಿ ಹೆಂಡತಿಯ ಜೊತೆ ಆಡಿದ ಮಾತನ್ನೆಲ್ಲ ಬರೆದಿಟ್ಟರೆ ಒಂದು ಟಿಕೆಟಿನ ಹಿಂಬದಿ ಸಾಕಾಗುತ್ತಿತ್ತು. ಜಗಳವೂ ಇರಲಿಲ್ಲ ಅನ್ನಿ. ಜಗಳವಾಡುವುದಕ್ಕಾದರೂ ಇಬ್ಬರೂ ಒಟ್ಟಿಗೆ ಎಚ್ಚರವಾಗಿರಬೇಕಲ್ಲ!

ಅಷ್ಟರಲ್ಲಿ ಸೋಂಕಿನ ಕಾಲ ಬಂತು. ಲಾಕ್‌ಡೌನ್ ಎಂದರು, ಬಸ್ಸುಗಳೆಲ್ಲ ಡಿಪೋದಲ್ಲಿ ಸಾಲಾಗಿ ನಿಂತವು. ಚಿಕ್ಕಮ್ಮನ ಮನೆಗೆ ಹೋಗಿದ್ದ ಮಗಳು ಅಲ್ಲೇ ಸಿಕ್ಕಿಹಾಕಿಕೊಂಡಳು. ಮನೆಯಲ್ಲಿ ಉಳಿದದ್ದು ಗಂಡ ಹೆಂಡತಿ ಇಬ್ಬರೇ. ಗಡಿಯಾರ ಮೂರು ದಿನ ಬಿದ್ದುಕೊಂಡು ನಿದ್ದೆ ಮಾಡಿದ. ನಾಲ್ಕನೆಯ ದಿನ ಹಿತ್ತಿಲ ಬಾಗಿಲು ತೆಗೆದವನು ಬೆಪ್ಪಾಗಿ ನಿಂತುಬಿಟ್ಟ. ಬಟ್ಟೆ ಒಗೆಯುವ ಕಲ್ಲಿನಿಂದ ಹಿಡಿದು ಕಾಂಪೌಂಡ್ ಗೋಡೆಯವರೆಗೆ ಮೂವತ್ತೊಂದು ಕುಂಡಗಳು. ಬದನೆ, ಟೊಮೆಟೊ, ಪುದೀನ, ಒಡೆದ ಬಕೆಟ್ಟಿನಲ್ಲಿ ಮೆಣಸಿನ ಗಿಡ, ಗೋಡೆಯ ಮೇಲೆಲ್ಲ ಹಾಗಲಬಳ್ಳಿ.

"ಇದನ್ನೆಲ್ಲ ಯಾವಾಗ ಮಾಡ್ದೆ?"

"ನೀವು ಮಲಗಿದ್ದಾಗ," ಎಂದಳು ಹೆಂಡತಿ, ಕೈ ಮಣ್ಣು ಕೊಡವುತ್ತ.

ಸುಮ್ಮನೆ ಕೂತು ಗೊತ್ತಿಲ್ಲದ ಜೀವ, ಏನು ಮಾಡಿತು ಹೇಳಿ? ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಟೈಂ ಟೇಬಲ್ ಗೀಚಿತು. ಆರು ಹತ್ತಕ್ಕೆ ಮೊದಲ ಸಾಲು, ಆರು ಇಪ್ಪತ್ತಕ್ಕೆ ಎರಡನೆಯದು, ಕುಂಡಕ್ಕೆ ಒಂದೇ ಚೊಂಬು ನೀರು, ಹೆಚ್ಚಿಲ್ಲ ಕಮ್ಮಿಯಿಲ್ಲ. ಮೂಲೆಯದೊಂದನ್ನು ಬಿಟ್ಟು ಉಳಿದ ಕುಂಡಗಳನ್ನು ಡಿಪೋದ ಬಸ್ಸುಗಳಂತೆ ಮೂತಿ ಮುಂದೆ ಮಾಡಿ ಸಾಲಾಗಿ ನಿಲ್ಲಿಸಿತು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ರೀ, ಪುದೀನಕ್ಕೆ ನೆರಳು ಬೇಕು, ಅದನ್ಯಾಕೆ ಬಿಸಿಲಿಗೆ ತಂದಿಟ್ರಿ? ದಮ್ಮಯ್ಯ, ಅಡ್ಡ ಬರಬೇಡಿ. ಒಳಗೆ ಹೋಗಿ ಪೇಪರ್ ಓದಿ."

ಒಳಗೆ ಹೋದ. ಪೇಪರ್ ಹಿಡಿದ. ಆದರೆ ಡ್ರೈವರನ ಕಣ್ಣು ಮುಂದೆ ಒಂದಿದ್ದರೆ ಹಿಂದೆ ಒಂದು. ಗಡ್ಡ ಕೆರೆಯುವ ಕನ್ನಡಿಯನ್ನು ಕಿಟಕಿಯ ಮೊಳೆಗೆ ಸ್ವಲ್ಪ ಓರೆಯಾಗಿ ನೇತುಹಾಕಿದ. ಕುರ್ಚಿಯಲ್ಲಿ ಕೂತಲ್ಲಿಂದಲೇ ಇಡೀ ಹಿತ್ತಿಲು ಕಾಣತೊಡಗಿತು. ಕಾಣಬಾರದ್ದೂ ಕಂಡಿತು.

ಗೋಡೆಯ ಆಚೆ ಮನೆಯವನು ರಿಟೈರಾದ ರೈಲ್ವೆ ಗಾರ್ಡು, ಒಂಟಿ ಮನುಷ್ಯ. ರೈಲಿನವರಿಗೂ ಬಸ್ಸಿನವರಿಗೂ ಮೊದಲೇ ಎಣ್ಣೆ ಸೀಗೆಕಾಯಿ. ಅದು ಹಾಗಿರಲಿ. ಈ ಗಾರ್ಡು ದಿನಾ ಸಂಜೆ ಐದಕ್ಕೆ ಗೋಡೆಯ ಮೇಲೆ ತನ್ನ ಹಳೆಯ ಹಸಿರು ಬಾವುಟ ಎತ್ತುತ್ತಿದ್ದ. ಬಾವುಟ ಕಂಡಿದ್ದೇ ತಡ, ಇವಳು ಒಲೆ ಆರಿಸಿ ಓಡುತ್ತಿದ್ದಳು. ಗಾರ್ಡು ಗೋಡೆಯ ಮೇಲೆ ಸಸಿಯನ್ನೋ ಬೀಜದ ಪೊಟ್ಟಣವನ್ನೋ ಇಟ್ಟು ಆರಡಿ ಹಿಂದೆ ಸರಿಯುವುದು, ಇವಳು ಹೋಗಿ ಎತ್ತಿಕೊಳ್ಳುವುದು, ಮಾಸ್ಕಿನೊಳಗಿಂದಲೇ ಇಬ್ಬರೂ ಗಂಟೆಗಟ್ಟಲೆ ಹರಟುವುದು. ಇವಳ ನಗು ಕುರ್ಚಿಯವರೆಗೆ ಕೇಳಿಸುತ್ತಿತ್ತು. ತನ್ನ ಹೆಂಡತಿಗೆ ಇಷ್ಟು ದೊಡ್ಡದಾಗಿ ನಗಲು ಬರುತ್ತದೆ ಎಂಬುದು ಗಡಿಯಾರನಿಗೆ ಐವತ್ತನೇ ವಯಸ್ಸಿನಲ್ಲಿ, ಅದೂ ಕನ್ನಡಿಯಲ್ಲಿ ನೋಡಿ ತಿಳಿಯಿತು. ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಏನಂತೆ ನಿಮ್ಮ ಗಾರ್ಡ್ ಸಾಹೇಬ್ರದ್ದು?"

"ಹೇನು ಬಿದ್ದ ಎಲೆಗೆ ಸೋಪಿನ ನೀರು ಹಾಕು ಅಂದ್ರು ಗಾರ್ಡಣ್ಣ."

"ಅದಕ್ಕೆ ಅಷ್ಟು ನಗು?"

ಅವಳು ಅವನ ಮುಖವನ್ನೇ ಒಂದು ಕ್ಷಣ ನೋಡಿ ಅಡುಗೆಮನೆಗೆ ಹೋದಳು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಹಳದಿ ದಾಸವಾಳವಿತ್ತು. ಹೆಂಡತಿಗೆ ಉಳಿದ ಮೂವತ್ತೂ ಸೇರಿ ಒಂದು ತೂಕ, ಇದೊಂದೇ ಒಂದು ತೂಕ. ಅದರ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸುವಳು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ತುಟಿಯಲ್ಲೇ ಏನೋ ಮಾತಾಡುವಳು. ಗಂಡನೆದುರು ಬಾಯಿ ಬಿಡದವಳು ಗಿಡದೆದುರು ಪುರಾಣ ಬಿಚ್ಚುತ್ತಾಳಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಅದ್ಯಾರು ಕೊಟ್ಟಿದ್ದು ಆ ದಾಸವಾಳ?"

"ಕೊಟ್ಟೋರಿಗೇ ಮರೆತುಹೋಗಿದೆ, ನಿಮಗ್ಯಾಕೆ ಬಿಡಿ," ಎಂದು ನಕ್ಕಳು.

ಇನ್ಯಾರು? ಆ ಅರಳುಮರಳಿನ ಗಾರ್ಡೇ! ಗಡಿಯಾರ ಮನಸ್ಸಿನಲ್ಲೇ ತೀರ್ಪು ಬರೆದು ಸಹಿ ಹಾಕಿದ.

ಆ ವಾರವೇ ಹೆಂಡತಿಗೆ ಜ್ವರ ಬಂತು. ಪರೀಕ್ಷೆ ಮಾಡಿದವರು ಸೋಂಕು ಎಂದರು. ಹೆದರುವಂಥದ್ದೇನಿಲ್ಲ, ಹದಿನಾಲ್ಕು ದಿನ ಕೋಣೆಯಿಂದ ಹೊರಗೆ ಬರಬಾರದು ಅಷ್ಟೇ ಎಂದರು. ರಸ್ತೆ ಕಡೆಯ ಕೋಣೆಗೆ ಅವಳು ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಸಂಸಾರವೆಲ್ಲ ಇವನ ತಲೆಗೆ ಬಂತು. ಗಂಜಿ ಕಾಯಿಸಿದ, ಕೈ ಸುಟ್ಟುಕೊಂಡ, ಪಾತ್ರೆ ತಳ ಹಿಡಿಸಿದ, ಪಾತ್ರೆ ಉಜ್ಜಿದ. ತಟ್ಟೆಯನ್ನು ಬಾಗಿಲ ಬಳಿಯಿಟ್ಟು ತಟ್ಟಿ ದೂರ ಸರಿದು ನಿಂತ. ಏನಾದರೂ ಒಂದು ಒಳ್ಳೆಯ ಮಾತು ಬಂದೀತು ಎಂದು ಕಾದ.

ಒಳಗಿನಿಂದ ಕೆಮ್ಮು ಬಂತು. ಆಮೇಲೆ ಮಾತು. "ರೀ, ಹಳದಿ ದಾಸವಾಳಕ್ಕೆ ನೀರು ಹಾಕಿದ್ರಾ?"

ಅಲ್ಲ, ಸುಟ್ಟ ಕೈಗೆ ಎಣ್ಣೆ ಸವರಿಕೊಂಡು ಗಂಜಿ ತಂದಿಟ್ಟವನನ್ನು ಊಟ ಮಾಡಿದೆಯಾ ಎಂದು ಕೇಳಲಿಲ್ಲ. ಗಿಡವನ್ನು ಕೇಳಿದಳು!

"ಹಾಕಿದೆ," ಎಂದ.

ಹಾಕಿರಲಿಲ್ಲ. ಹಾಕಲೂ ಇಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಗಾರ್ಡಿನ ಮೇಲಿನ ಕೋಪ ದಾಸವಾಳದ ಮೇಲೆ ತಿರುಗಿತು. ಆರು ಹತ್ತಕ್ಕೆ ಚೊಂಬು ಹಿಡಿದು ಹೊರಡುವನು, ಮೂವತ್ತು ಕುಂಡಗಳಿಗೂ ಟೈಮಿಗೆ ಸರಿಯಾಗಿ ಹಾಕುವನು, ಆ ಮೂಲೆ ಬಂದಾಗ ಕತ್ತು ತಿರುಗಿಸಿ ಮುಂದೆ ಹೋಗುವನು. ಕೈ ಅಡ್ಡ ಹಿಡಿದು ನಿಂತ ಪ್ರಯಾಣಿಕನನ್ನು ಅವನು ಸರ್ವೀಸಿನಲ್ಲಿ ಒಂದು ದಿನವೂ ಬಿಟ್ಟುಹೋದವನಲ್ಲ. ಈ ಒಂದು ಸ್ಟಾಪಿನಲ್ಲಿ ಮಾತ್ರ ನಿಲ್ಲಿಸಲಿಲ್ಲ.

ಸುಡು ಬೇಸಿಗೆ. ದಿನಾ ಬೆಳಿಗ್ಗೆ ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕನೆಯ ದಿನ ಎಲೆಗಳು ಜೋತುಬಿದ್ದವು. ಏಳನೆಯ ದಿನ ಮೊಗ್ಗುಗಳು ಉದುರಿದವು. ಅವತ್ತು ಸಂಜೆ ಅವನ ಕೈ ಚೊಂಬಿನತ್ತ ಹೋಗಿದ್ದು ನಿಜ. ಅಷ್ಟರಲ್ಲಿ ಗೋಡೆಯ ಮೇಲೆ ಹಸಿರು ಬಾವುಟ ಎದ್ದಿತು. "ಡ್ರೈವರ್ ಸಾಹೇಬ್ರೇ, ತಂಗಿ ಹೇಗಿದ್ದಾಳೆ? ಈ ನಿಂಬೆಹಣ್ಣು ಕೊಡಿ ಅವಳಿಗೆ." ತಂಗಿಯಂತೆ ತಂಗಿ! ಚೊಂಬು ಅಲ್ಲೇ ಉಳಿಯಿತು.

ಹನ್ನೆರಡನೆಯ ದಿನ ಮತ್ತೆ ಗಾರ್ಡಿನ ದನಿ ಕೇಳಿತು. "ಸಾಹೇಬ್ರೇ, ಆ ದಾಸವಾಳ ಯಾಕೋ ಪೂರ್ತಿ ಒಣಗಿದ ಹಾಗಿದೆಯಲ್ಲಾ."

"ನಾನೇನು ಮಾಡ್ಲಿ? ನಾನು ದಿನಾ ನೀರು ಹಾಕ್ತಾನೇ ಇದ್ದೀನಿ!" ಎಂದು ಗಡಿಯಾರ ರೇಗಿದ. ನೀರಿನ ಮಾತನ್ನು ಗಾರ್ಡು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇನ್ನೆರಡು ದಿನಕ್ಕೆ ಹೆಂಡತಿ ಹೊರಗೆ ಬರುತ್ತಾಳೆ, ಅಷ್ಟರೊಳಗೆ ಇದನ್ನು ಬಚ್ಚಲ ಹಿಂದೆ ಸಾಗಿಸಿಬಿಡೋಣ ಎಂದು ಎರಡೂ ಕೈಯಲ್ಲಿ ಕುಂಡ ಎತ್ತಿದ. ಇಷ್ಟು ದಿನ ಗೋಡೆಯ ಕಡೆಗಿದ್ದ ಮೈ ಅವನ ಕಡೆ ತಿರುಗಿತು. ಬಿಳಿ ಬಣ್ಣದಲ್ಲಿ, ಹೆಂಡತಿಯ ಉರುಟು ಅಕ್ಷರದಲ್ಲಿ ನಾಲ್ಕು ಅಂಕಿಗಳಿದ್ದವು. ೪೧೦೭.

ಮಗಳ ಹುಟ್ಟಿದ ದಿನ ಮರೆತಾನು, ಡ್ರೈವರ್ ತನ್ನ ಬಸ್ಸಿನ ನಂಬರ್ ಮರೆಯುವುದುಂಟೇ? ನಾಲ್ಕು ಸಾವಿರದ ನೂರ ಏಳು ಅವನು ಆರು ವರ್ಷ ಓಡಿಸಿದ ಬಸ್ಸು, ಆಮೇಲೆ ಗುಜರಿಗೆ ಹೋಯಿತು.

ಆಗ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಯಾರೋ ಪ್ರಯಾಣಿಕರು ಕೊನೇ ಸೀಟಿನಡಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸಸಿ ಬಿಟ್ಟುಹೋಗಿದ್ದರು. ಬಿಟ್ಟುಹೋದ ಸಾಮಾನು ಡಿಪೋದ ಬೀರುವಿಗೆ ಒಪ್ಪಿಸಬೇಕು ಎಂಬುದು ನಿಯಮ, ಇವನೋ ನಿಯಮದ ಮನುಷ್ಯ. ಆದರೆ ಸ್ಟೋರಿನ ಗುಮಾಸ್ತ, "ಬೀರುವೊಳಗೆ ಗಿಡ ಇಟ್ಟು ನೀರು ಯಾರಯ್ಯ ಹಾಕೋದು? ತಗೊಂಡ್ ಹೋಗು ಮಾರಾಯ" ಎಂದು ಅಟ್ಟಿದ್ದ. ಮನೆಗೆ ತಂದು ಒಗೆಯುವ ಕಲ್ಲಿನ ಮೇಲೆ ಕುಕ್ಕಿ, "ಬೇಕಾದ್ರೆ ಇಟ್ಕೋ" ಎಂದು ಮಲಗಿದ್ದ. ಸಂಜೆ ಏಳುವಷ್ಟರಲ್ಲಿ ಮರೆತೂ ಆಗಿತ್ತು. ಮದುವೆಯಾದ ಮೇಲೆ ಅವಳಿಗೆಂದು ಅವನು ಕೈಯಾರೆ ತಂದುಕೊಟ್ಟಿದ್ದು ಏನಾದರೂ ಇದ್ದರೆ ಅದೊಂದೇ. ಅದೂ ಯಾರೋ ಬಿಟ್ಟುಹೋದದ್ದು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಟೈಂ ಟೇಬಲ್ ಮರೆತು ಬಕೆಟ್‌ಗಟ್ಟಲೆ ನೀರು ಸುರಿದ. ನೀರು ಬಂದ ಹಾಗೇ ತಳದ ತೂತಿನಿಂದ ಹೊರಟುಹೋಯಿತು. ಉಗುರಿನಿಂದ ಕಾಂಡ ಕೆರೆದು ನೋಡಿದ. ಬುಡದವರೆಗೂ ಹಸಿರಿರಲಿಲ್ಲ.

ಮೊದಲ ಸಲ ಅವನೇ ಗೋಡೆಯ ಬಳಿ ಹೋಗಿ ನಿಂತ. "ಗಾರ್ಡ್ ಸಾಹೇಬ್ರೇ, ನಿಮ್ಮಲ್ಲಿ ಹಳದಿ ದಾಸವಾಳ ಏನಾದ್ರೂ..."

ಗಾರ್ಡು ಅವನನ್ನೂ ಕುಂಡವನ್ನೂ ನೋಡಿದ. "ಇದೆ. ನಿಮ್ಮ ಗಿಡದ್ದೇ ಕಡ್ಡಿ, ಮೂರು ವರ್ಷದ ಹಿಂದೆ ತಂಗಿ ಕೊಟ್ಟಿದ್ದು. ಸುಮ್ನೆ ಕೊಡಲಿಲ್ಲ ಮಹಾರಾಯ್ತಿ. ಇದು ನಮ್ಮೆಜಮಾನ್ರು ತಂದಿದ್ದು, ಒಣಗಿಸಿದ್ರೆ ನೋಡಿ ಅಂತ ಹೆದರಿಸಿ ಕೊಟ್ಟಳು." ಗಾರ್ಡಿನ ಗಿಡ ಎದೆಯೆತ್ತರ ಬೆಳೆದು ಮೈತುಂಬ ಮೊಗ್ಗು ಬಿಟ್ಟಿತ್ತು. ತಾನು ತಂದ ಗಿಡ ಪರರ ಹಿತ್ತಿಲಲ್ಲಿ ಹೀಗೆ ನಳನಳಿಸುವುದನ್ನು ನೋಡಿ, ಆ ಹೊತ್ತಿನಲ್ಲೂ ಗಡಿಯಾರನ ಹೊಟ್ಟೆ ಇನ್ನೊಂದು ಸಲ ಉರಿಯಿತು. ನಾಚಿಕೆಯಾದರೂ ಉರಿಯಿತು.

"ಇಡೀ ಗಿಡಾನೇ ತಗೊಂಡ್ ಹೋಗಿ. ನಿಮ್ಮ ಕುಂಡದಲ್ಲಿ ಕೂರಿಸಿಬಿಡಿ, ಅವಳಿಗೆ ಗೊತ್ತಾಗಲ್ಲ," ಎಂದ ಗಾರ್ಡು. ಹಾಗೇ ಮಾಡಿದರು. ಎತ್ತರ ಕಾಣದಿರಲಿ ಎಂದು ಮೇಲಿನ ಕೊಂಬೆಗಳನ್ನೂ ಸವರಿದರು.

ಹದಿನಾಲ್ಕು ದಿನ ಮುಗಿಸಿ ಹೆಂಡತಿ ಹೊರಗೆ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಗೋಡೆ ಹಿಡಿದುಕೊಂಡು ನೆಟ್ಟಗೆ ಹಿತ್ತಿಲಿಗೇ ನಡೆದಳು. ದಾಸವಾಳದ ಮುಂದೆ ಕೂತು ಒಂದು ಎಲೆ ಮುಟ್ಟಿದಳು, ಕಾಂಡ ಮುಟ್ಟಿದಳು.

"ಇದು ಗಾರ್ಡಣ್ಣನ ಗಿಡ," ಎಂದಳು.

ಗಡಿಯಾರ ತಲೆ ಎತ್ತಲಿಲ್ಲ. "ನೀರು ಹಾಕ್ಲಿಲ್ಲ ನಾನು. ಬೇಕು ಅಂತಲೇ ಹಾಕ್ಲಿಲ್ಲ. ಹಾಕಿದೆ ಅಂತ ದಿನಾ ಸುಳ್ಳು ಹೇಳ್ದೆ. ಅವರು ಕೊಟ್ಟಿದ್ದು ಅಂದ್ಕೊಂಡಿದ್ದೆ. ಹೊಟ್ಟೆ ಉರೀತಿತ್ತು ನಂಗೆ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು ಹೇಳಿದಳು. "ಒಂಬತ್ತು ವರ್ಷ ನೀವು ಇರಲಿಲ್ಲ, ಅದು ಬದುಕಿತ್ತು. ಹದಿನಾಲ್ಕು ದಿನ ನೀವಿದ್ರಿ ನೋಡಿ."

"ದಿನಾ ಅದನ್ನೇ ಕೇಳ್ತಿದ್ದೆಯಲ್ಲ," ಎಂದ ಅವನು, ಮಗುವಿನ ಹಾಗೆ. "ನಂದು ಊಟ ಆಯ್ತಾ ಅಂತ ಒಂದಿನ ಕೇಳ್ಲಿಲ್ಲ ನೀನು."

"ಇಷ್ಟು ವರ್ಷ ನೀವು ಹೋದ ಮೇಲೆ ನಿಮ್ಮನ್ನ ಕೇಳೋದನ್ನೆಲ್ಲ ಅದನ್ನೇ ಕೇಳ್ತಿದ್ದೆ ಕಣ್ರೀ. ಬಸ್ ಸರಿಯಾಗಿ ಹೋಯ್ತಾ, ಊಟ ಆಯ್ತಾ ಅಂತ. ಈಗ ನೀವೇ ಬಾಗಿಲಾಚೆ ನಿಂತ್ರೆ ನಂಗೆ ಬಾಯೇ ಬರ್ಲಿಲ್ಲ." ಕಲ್ಲಿಗೆ ಕೈಯೂರಿ ಎದ್ದಳು. "ಪರರ ಗಿಡ ನಮಗೆ ಬೇಡ. ವಾಪಸ್ ಕೊಟ್ಟು ಒಂದು ಕಡ್ಡಿ ಇಸ್ಕೊಂಡು ಬನ್ನಿ. ನೀವೇ ನೆಡಿ. ನೀರೂ ನೀವೇ ಹಾಕಿ."

ಕಡ್ಡಿ ನೆಟ್ಟ. ಒಂದು ತಿಂಗಳು ಅದು ಕಡ್ಡಿಯಾಗಿಯೇ ನಿಂತಿತ್ತು. ದಿನಕ್ಕೆ ಹತ್ತು ಸಲ ಹೋಗಿ ನೋಡುವನು, ಕನ್ನಡಿಯಲ್ಲೂ ಅದನ್ನೇ ನೋಡುವನು. ಒಣ ಕಡ್ಡಿಗೆ ಮಣೆ ಹಾಕಿ ಕೂತಿದ್ದಾರೆ ಎಂದು ಹೆಂಡತಿ ನಕ್ಕರೆ, ಆ ನಗು ಗೋಡೆಯ ಈಚೆಗೇ ಎಂದು ಅವನಿಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ಬಸ್ಸು ಬಿಟ್ಟರು. ಖಾಕಿ ತೊಟ್ಟು ಹೊರಟವನು ಗೇಟಿನಿಂದ ಮೂರು ಸಲ ವಾಪಸ್ ಬಂದು ನೀರಿನ ಲೆಕ್ಕ ಹೇಳಿದ.

ಮೂರನೆಯ ದಿನ, ಪರ ಊರಿನ ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಚಹಾ ಕುಡಿಯುತ್ತಿದ್ದಾಗ ಫೋನ್ ಬಂತು. ಸರ್ವೀಸಿನಲ್ಲಿರುವಾಗ ಹೆಂಡತಿ ಫೋನ್ ಮಾಡಿದ್ದು ಅದೇ ಮೊದಲು.

"ರೀ, ಊಟ ಆಯ್ತಾ?" ಎಂದಳು ಮೊದಲು. ಆಮೇಲೆ, "ಕಡ್ಡಿ ಚಿಗುರಿದೆ. ಎರಡು ಎಲೆ."

ಅವನ ಕಣ್ಣು ತುಂಬಿತು. ಚಹಾ ಕೆಳಗಿಟ್ಟ. "ಹೌದೇನೇ? ನೀನೇ ನೋಡಿದ್ಯಾ?"

"ಇಲ್ಲ ಕಣ್ರೀ, ಮೊದಲು ನೋಡಿದ್ದು ಗಾರ್ಡಣ್ಣ. ಗೋಡೆ ಮೇಲಿಂದ ಬಾವುಟ ಎತ್ತಿ ಕರೆದ್ರು."

ಗಡಿಯಾರ ಫೋನ್ ಜೇಬಿಗಿಟ್ಟ. ಅರ್ಧ ಚಹಾ ಹಾಗೇ ಬಿಟ್ಟು ಬಸ್ಸು ಹತ್ತಿದ. ಮರುದಿನ ಬೆಳಿಗ್ಗೆ ಊರ ಹೊರಗಿನ ಚಹಾದಂಗಡಿಯ ಹತ್ತಿರ ನಿಲ್ಲಿಸಲಿಲ್ಲ. ಅವನ ಬಸ್ಸು ಡಿಪೋದ ಗೇಟು ದಾಟಿದಾಗ ಏಳು ಗಂಟೆ ಎಂಟು ನಿಮಿಷ. ಗೇಟಿನವನು ತನ್ನ ವಾಚೇ ನಿಂತುಹೋಯಿತೆಂದು ಅದನ್ನು ಕಿವಿಗೆ ಹಿಡಿದು ನೋಡಿದ.