ನಮ್ಮ ಮನೆಯಲ್ಲಿಲ್ಲದ ಐದನೆಯ ಆಯ್ಕೆ

ತಪ್ಪು ಕಂಡರೆ ಸುಮ್ಮನಿರಲು ನನಗೆ ಬರುವುದಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ. ವಿಮಾ ಕಚೇರಿಯಲ್ಲಿ ಕಿರಿಯರ ಪತ್ರಗಳನ್ನು ತಿದ್ದಿ ತಿದ್ದಿ ಕೆಂಪು ಪೆನ್ನು ನನ್ನ ಆರನೆಯ ಬೆರಳಾಗಿದೆ. ಇಂಥವಳಿಗೆ ಮಗಳು ಮಾನಸಿ, ಬ್ಯಾಂಕ್ ಪರೀಕ್ಷೆಗೆ ಕಟ್ಟಿ, "ಇಂಗ್ಲಿಷಲ್ಲಿ ತಪ್ಪು ಹುಡುಕೋದು ಹೇಳ್ಕೊಡಮ್ಮಾ" ಎಂದಾಗ ಆದ ಸಂತೋಷವನ್ನು ನೀವೇ ಊಹಿಸಿಕೊಳ್ಳಿ.

ಈ ಪ್ರಶ್ನೆಗಳನ್ನು ನೀವೂ ನೋಡಿರುತ್ತೀರಿ. ಒಂದು ವಾಕ್ಯವನ್ನು ನಾಲ್ಕು ತುಂಡು ಮಾಡಿರುತ್ತಾರೆ. ಯಾವ ತುಂಡಿನಲ್ಲಿ ತಪ್ಪಿದೆ ಎಂದು ಗುರುತಿಸಬೇಕು. ಐದನೆಯ ಆಯ್ಕೆ, 'ತಪ್ಪಿಲ್ಲ'. ಪ್ರಶ್ನೆ ತೆಗೆಯುವವರ ಮೇಲೆ ನನಗೊಂದು ಬಗೆಯ ಪ್ರೀತಿಯಿದೆ. ಗಟ್ಟಿಮುಟ್ಟಾದ ವಾಕ್ಯವನ್ನು ಎದುರಿಗೆ ಕೂರಿಸಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ಅದರ ಕಿರುಬೆರಳು ಮುರಿಯುವುದು ಸುಲಭವೇ? ಅವರ ಮೆಚ್ಚಿನ ಉಪಾಯವೆಂದರೆ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಏಳೆಂಟು ಪದ ತುಂಬಿಬಿಡುವುದು. ಸೂರತ್ತಿನ ಸೀರೆ ಮಾರುಕಟ್ಟೆಗೆ ಬರೀ ಬ್ಲೌಸ್ ಪೀಸಿಗೆಂದು ಹೋದವಳು ನಾಲ್ಕಾರು ಅಂಗಡಿ ಹೊಕ್ಕು ಬಂದ ಕೆಲಸವನ್ನೇ ಮರೆಯುವಂತೆ, ಕ್ರಿಯಾಪದ ತಾನು ಒಬ್ಬರಿಗೆ ಸೇರಿದ್ದೋ ಹಲವರಿಗೋ ಎಂಬುದನ್ನೇ ಮರೆತಿರುತ್ತದೆ. "ನಡುವಿನದನ್ನೆಲ್ಲ ಬೆರಳಿಂದ ಮುಚ್ಚಿ ಓದು" ಎಂದು ಕಲಿಸಿದೆ. ಮಾನಸಿ ಬೇಗ ಕಲಿತಳು.

ತೊಂದರೆಯಾದದ್ದು ತಪ್ಪಿಲ್ಲದ ವಾಕ್ಯಗಳಲ್ಲಿ. ಅವು ಎದುರಾದರೆ ಹುಡುಗಿ ಬೆವರುತ್ತಿದ್ದಳು. ಓದಿ ಓದಿ, ಕೊನೆಗೆ ಯಾವುದೋ ನಿರಪರಾಧಿ ತುಂಡಿನ ಮೇಲೆ ಆರೋಪ ಹೊರಿಸುತ್ತಿದ್ದಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ ಇದು. ಹೋದ ವರ್ಷ ಸ್ವಲ್ಪದರಲ್ಲೇ ಕೈತಪ್ಪಿತ್ತು. ಈ ಸಲವೂ ಹೋದರೆ ಇನ್ನು ಬರೆಯುವುದೇ ಇಲ್ಲ ಎಂದು ಕೂತಿದ್ದಳು.

"ತಪ್ಪಿಲ್ಲ ಅಂತ ಹಾಕೋಕೆ ನಿನಗೇನೇ ಕಷ್ಟ?" ಎಂದು ಒಂದು ದಿನ ರೇಗಿದೆ.

ಅವಳು ತಲೆಯೆತ್ತದೆ ಹೇಳಿದಳು: "ಅಮ್ಮಾ, ನಮ್ಮನೇಲಿ ಆ ಆಪ್ಶನ್ನೇ ಇಲ್ವಲ್ಲ."

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಸೂರತ್ತಿನ ಈ ನಮ್ಮ ಅಡಾಜಣ್ ಬಡಾವಣೆಯಲ್ಲೇ ಬೆಳೆದ ಹುಡುಗಿ. ಮನೆಯ ಬಾಗಿಲಾಚೆ ಎಲ್ಲ ಗುಜರಾತಿ, ಹಿಂದಿ. ಆ ಭಾಷೆಗಳಲ್ಲಿ ಬಸ್ಸು ಹೆಣ್ಣು. ಹಾಗಾಗಿ ಚಿಕ್ಕಂದಿನಿಂದಲೂ 'ಬಸ್ ಬಂದಳು' ಎನ್ನುತ್ತಾಳೆ. 'ಬಂದಳು ಅಲ್ಲ, ಬಂತು' ಎಂದು ನಾನೂ ಅಂದಿನಿಂದ ತಿದ್ದುತ್ತಲೇ ಇದ್ದೇನೆ. ಅವಳು ಕನ್ನಡದಲ್ಲಿ ಒಂದು ಸುದ್ದಿಯನ್ನು ಪೂರ್ತಿ ಹೇಳಿ ಮುಗಿಸಿದ್ದೇ ನನಗೆ ನೆನಪಿಲ್ಲ. ನಾನು ನಡುವೆ ಬಾಯಿ ಹಾಕದೆ ಬಿಟ್ಟಿದ್ದರಲ್ಲವೇ? ಈಚೆಗೆ ನನ್ನೊಡನೆಯೂ ಹಿಂದಿಯಲ್ಲೇ ಮಾತಾಡುವುದು ಹೆಚ್ಚಾಗಿತ್ತು. ಅದಕ್ಕೆ ನಾನು ಪಾಪ, ಸೂರತ್ತನ್ನು ದೂರುತ್ತಿದ್ದೆ. ನಿಜಕ್ಕೂ ಬೇಸರವಾಯಿತು.

ಅಂದಿನಿಂದ ತಿದ್ದದಿರುವ ವ್ರತ ಹಿಡಿದೆ. ಉಪವಾಸವೇ ಇದಕ್ಕಿಂತ ಸುಲಭ. ಮಗಳು ಊಟದ ಹೊತ್ತಿನಲ್ಲಿ ವ್ಯಾಕರಣದ ಕೈಕಾಲು ಮುರಿಯುತ್ತಿದ್ದರೂ ನಾನು ಅನ್ನ ಕಲಸುತ್ತ ಕೂತದ್ದನ್ನು ಕಂಡು ನಮ್ಮ ಯಜಮಾನರು, "ಯಾಕೆ, ಹುಷಾರಿಲ್ವಾ?" ಎಂದು ಗಾಬರಿಯಿಂದ ಕೇಳಿದರು.

ಪರೀಕ್ಷೆಯ ಬೆಳಿಗ್ಗೆ ಸ್ಟಾಪಿನವರೆಗೆ ಜೊತೆಗೆ ಹೋದೆ. ದೂರದಲ್ಲಿ ಸಿಟಿ ಬಸ್ಸು ಕಂಡಿತು. "ಅಮ್ಮಾ, ಬಸ್ ಬಂದಳು" ಎಂದವಳೇ ಅಭ್ಯಾಸಬಲದಿಂದ ತಡೆದು ನನ್ನ ಮುಖ ನೋಡಿದಳು.

"ಹೂಂ, ಬಂದಳು. ಹತ್ತು ಪುಟ್ಟಿ" ಎಂದೆ. ಅವಳು ನಗುತ್ತಲೇ ಹತ್ತಿದಳು.

ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು: "ಒಂದು ಸೆಂಟೆನ್ಸ್ ಇದ್ದ ಅಮ್ಮಾ, ಎಷ್ಟು ಓದಿದ್ರೂ ಏನೂ ಸಿಗಲಿಲ್ಲ. ಧೈರ್ಯ ಮಾಡಿ 'ತಪ್ಪಿಲ್ಲ' ಅಂತ ಹಾಕ್ಬಿಟ್ಟೆ!" ಇಷ್ಟನ್ನೂ ಕನ್ನಡದಲ್ಲೇ, ಒಂದೇ ಉಸಿರಿಗೆ, ಕೊನೆಯವರೆಗೆ.

ಯಾವ ವಾಕ್ಯ ಎಂದು ಕೇಳಲು ಬಾಯಿ ತೆರೆದೆ. ತೆರೆದ ಬಾಯಿ ದಂಡವಾಗಬಾರದೆಂದು, "ಕಾಫಿ ಕುಡಿತೀಯಾ?" ಎಂದು ಕೇಳಿದೆ.